ಮಾರ್ಚಿನ ಚಳಿ, ಮರಳಿನ ಬಾಯಾರಿಕೆ

ಅಮೆರಿಕದ ಫ್ಲಾರಿಡಾ ರಾಜ್ಯದ ನಡುಭಾಗದಲ್ಲಿ ಮಾವು, ಬಾಳೆ, ಕಿತ್ತಳೆ ಬೆಳೆಸುವವರಿಗೆ ಜನವರಿಯ ಚಳಿಗಿಂತ ಮಾರ್ಚಿನ ಚಳಿಯ ಭಯವೇ ದೊಡ್ಡದು. ಥರ್ಮಾಮೀಟರ್ ನೋಡಿದರೆ ಜನವರಿಯೇ ಹೆಚ್ಚು ತಣ್ಣಗಿರುತ್ತದೆ, ನಿಜ. ಆದರೆ ಆಗ ಗಿಡದ ಎಲೆ ಬಲಿತಿರುತ್ತದೆ, ಬೆಳವಣಿಗೆ ನಿಂತಿರುತ್ತದೆ. ಫೆಬ್ರವರಿಯಲ್ಲಿ ಒಂದೆರಡು ವಾರ ಬಿಸಿಲು ಕಾದು ಹಗಲಿನ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ಮುಟ್ಟಿತೆನ್ನಿ, ಮಾವು ಹೂ ಬಿಡುತ್ತದೆ, ಕಿತ್ತಳೆಯ ರೆಂಬೆ ತುದಿಗಳಲ್ಲಿ ಹಾಲುಹಸಿರು ಚಿಗುರು ಮೂಡುತ್ತದೆ, ಬಾಳೆ ಹೊಸ ಸುಳಿ ಬಿಚ್ಚುತ್ತದೆ. ಆ ಎಳಸಿನ ಮೇಲೆ ಒಂದೇ ಒಂದು ರಾತ್ರಿ ಹಿಮ ಇಳಿದರೂ ವರ್ಷದ ಫಸಲು ಹೋಯಿತು. 1993ರ ಮಾರ್ಚ್ ನಡುವಿನಲ್ಲಿ ಬಂದ ದೊಡ್ಡ ಬಿರುಗಾಳಿಯ ಬೆನ್ನಿಗೆ ಇಂಥದೇ ಚಳಿ ಇಳಿದಿತ್ತು.

ಭೂಪಟದಲ್ಲಿ ಒರ್ಲಾಂಡೊ ಹೆಚ್ಚುಕಡಿಮೆ ದೆಹಲಿಯ ಅಕ್ಷಾಂಶದಲ್ಲೇ ಇದೆ. ದೆಹಲಿಯ ಉತ್ತರಕ್ಕೆ ಹಿಮಾಲಯ ನಿಂತಿದೆ. ಫ್ಲಾರಿಡಾಕ್ಕೂ ಕೆನಡಾಕ್ಕೂ ನಡುವೆ ಅಡ್ಡಲಾಗಿ ಹಬ್ಬಿದ ಒಂದು ಬೆಟ್ಟಸಾಲೂ ಇಲ್ಲ. ಇರುವ ಪರ್ವತಗಳೆಲ್ಲ ಉತ್ತರ ದಕ್ಷಿಣವಾಗಿ ಚಾಚಿಕೊಂಡಿವೆ. ಧ್ರುವದ ಕಡೆಯ ಗಾಳಿ ಬಯಲಿನ ಮೇಲೆ ಹಾದು ನೇರವಾಗಿ ಇಲ್ಲಿಗೆ ಬಂದುಬಿಡುತ್ತದೆ.

ಚಿಗುರಿದ ಮರಕ್ಕೆ ಚಳಿ ಏನು ಮಾಡುತ್ತದೆ ಎಂಬುದನ್ನು ಈ ರಾಜ್ಯ ಕಲಿತದ್ದು 1894–95ರಲ್ಲಿ. ಡಿಸೆಂಬರ್ ಕೊನೆಯಲ್ಲಿ ಒರ್ಲಾಂಡೊದಲ್ಲಿ ಉಷ್ಣತೆ ಸೊನ್ನೆಗಿಂತ ಸುಮಾರು 8 ಡಿಗ್ರಿ ಕೆಳಗಿಳಿಯಿತು. ಹಣ್ಣು, ಎಲೆ ಎಲ್ಲ ಹೋದವು, ಆದರೆ ಬಹಳಷ್ಟು ಮರಗಳ ಜೀವ ಉಳಿದಿತ್ತು. ಜನವರಿ ಬೆಚ್ಚಗಿತ್ತು. ಮರಗಳಲ್ಲಿ ರಸ ಏರಿತು, ಚಿಗುರು ಒಡೆಯಿತು, ಬೆಳೆಗಾರರ ಮುಖದಲ್ಲಿ ಕಳೆ ಬಂತು. ಫೆಬ್ರವರಿ ಮೊದಲ ವಾರದ ಕೊನೆಗೆ ಮತ್ತೆ ಚಳಿ ಬಂದಾಗ ರಸ ತುಂಬಿದ ಕಾಂಡಗಳ ತೊಗಟೆಯೇ ಸೀಳಿ ಮರಗಳು ಬುಡಸಮೇತ ಸತ್ತವು. ಮೊದಲ ಏಟಿಗೆ ಬದುಕಿದ್ದ ಮರವನ್ನು ಕೊಂದದ್ದು ನಡುವೆ ಸಿಕ್ಕ ಆ ಬೆಚ್ಚನೆಯ ದಿನಗಳು.

ಆ ಚಳಿ ದಾಟಿ ಬಂದ ಒಂದು ಮರದ ಬಗ್ಗೆ ಹೇಳಲೇಬೇಕು. 1889ರಲ್ಲಿ ಅಮೆರಿಕದ ಕೃಷಿ ಇಲಾಖೆ ಭಾರತದಿಂದ ಕೆಲವು ಕಸಿ ಮಾವಿನ ಸಸಿಗಳನ್ನು ತರಿಸಿತ್ತು. ಅವುಗಳಲ್ಲಿ ಮುಲ್ಗೋಬಾ ಎಂದು ದಾಖಲಾದ ಒಂದು ಮರ ಕರಾವಳಿಯ ಲೇಕ್ ವರ್ತ್ ಬಳಿ ಎಲ್‌ಬ್ರಿಜ್ ಗೇಲ್ ಎಂಬುವರ ತೋಟದಲ್ಲಿ ಉಳಿದುಕೊಂಡು 1898ರಲ್ಲಿ ಹಣ್ಣು ಕೊಟ್ಟಿತು. ಅದರ ಬೀಜದಿಂದ ಹುಟ್ಟಿದ ಹೇಡನ್ ತಳಿ ಮುಂದೆ ಫ್ಲಾರಿಡಾದ ಎಷ್ಟೋ ಮಾವುಗಳಿಗೆ ಮೂಲವಾಯಿತು. ಒಂದು ಗಿಡವನ್ನು ಒಂದು ಚಳಿಗಾಲ ದಾಟಿಸುವುದು ಎಷ್ಟು ದೊಡ್ಡ ಕೆಲಸವೆಂದು ಯಾರಾದರೂ ಕೇಳಿದರೆ ನಾನು ಕೊಡುವ ಉತ್ತರ ಈ ಮರ.

ಇನ್ನು ಬರ. ಇಲ್ಲಿ ವರ್ಷಕ್ಕೆ ಸುಮಾರು 1,300 ಮಿಲಿಮೀಟರ್ ಮಳೆ ಬೀಳುತ್ತದೆ, ನಮ್ಮ ಬಯಲುಸೀಮೆಯವರು ಕೇಳಿದರೆ ಹೊಟ್ಟೆಕಿಚ್ಚು ಪಡುವಷ್ಟು. ಆದರೆ ಅದರ ಅರ್ಧಕ್ಕೂ ಮಿಕ್ಕಿದ ಪಾಲು ಜೂನ್‌ನಿಂದ ಸೆಪ್ಟೆಂಬರ್‌ನೊಳಗೇ ಸುರಿದು ಮುಗಿಯುತ್ತದೆ. ಅಕ್ಟೋಬರ್‌ನಿಂದ ಮೇ ತನಕ ಒಣ ಕಾಲ. ಅದರಲ್ಲೂ ಲೇಕ್ ವೇಲ್ಸ್ ದಿಬ್ಬದ ಮೇಲೆ ಮಣ್ಣೆಂದರೆ ಬರೀ ಮರಳು, ಪ್ರಾಚೀನ ಕಾಲದ ಕಡಲತೀರದ ದಿಣ್ಣೆಗಳು. ಬೊಗಸೆಯಲ್ಲಿ ತೆಗೆದುಕೊಂಡರೆ ಬೆರಳಸಂದಿಯಿಂದ ಸೋರಿಹೋಗುವ ಈ ಮರಳು ನೀರನ್ನೂ ಹಾಗೆಯೇ ಸೋರಿಸಿಬಿಡುತ್ತದೆ. ಎಂದರೆ ಚಿಗುರಿನ ಮೇಲೆ ಚಳಿ ಬೀಳುವ ಹೊತ್ತಿಗೆ ಬೇರಿನ ಕೆಳಗೆ ನೆಲ ಒಣಗಿ ನಿಂತಿರುತ್ತದೆ.

ಚಳಿ ಒಂದು ಕಷ್ಟ, ಬರ ಇನ್ನೊಂದು ಎಂದು ಎಣಿಸುವುದು ಸಹಜ. ಪಳಗಿದ ತೋಟಗಾರರು ಎರಡನ್ನೂ ಒಂದೇ ಲೆಕ್ಕದಲ್ಲಿ ಹಿಡಿಯುತ್ತಾರೆ, ಮತ್ತು ಈ ಕಸುಬಿನಲ್ಲಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುವುದು ಇದೇ. ಗಾಳಿಯಿಲ್ಲದ, ಮೋಡವಿಲ್ಲದ ರಾತ್ರಿ ನೆಲ ಹಗಲು ಕುಡಿದ ಬಿಸಿಲನ್ನು ಆಕಾಶಕ್ಕೆ ಬಿಟ್ಟುಕೊಡುತ್ತ ತಣ್ಣಗಾಗುತ್ತದೆ. ಒಣ ಮರಳಿನ ಕಣಗಳ ನಡುವೆ ಗಾಳಿಯೇ ತುಂಬಿರುವುದರಿಂದ ಅದು ಹಗಲಲ್ಲಿ ಶಾಖವನ್ನು ಆಳಕ್ಕೆ ಇಳಿಸಿಕೊಳ್ಳದು, ರಾತ್ರಿ ಆಳದಿಂದ ಮೇಲಕ್ಕೂ ಕಳಿಸದು. ತೇವದ ಮರಳು ಎರಡನ್ನೂ ಮಾಡುತ್ತದೆ. ಗಾಳಿಯ ವಿಷಯವೂ ಹೀಗೆಯೇ. ತೇವವಿರುವ ಗಾಳಿ ತಣಿಯುತ್ತ ಬಂದಂತೆ ಇಬ್ಬನಿ ಕಟ್ಟುತ್ತದೆ. ಆವಿ ನೀರಾಗುವಾಗ ಶಾಖ ಬಿಡುಗಡೆಯಾಗಿ ಉಷ್ಣತೆಯ ಇಳಿತಕ್ಕೆ ಕಡಿವಾಣ ಬೀಳುತ್ತದೆ. ಒಣ ಗಾಳಿಯಲ್ಲಿ ಇಬ್ಬನಿಯೇ ಕಟ್ಟದೆ ಉಷ್ಣತೆ ಇಳಿಯುತ್ತಲೇ ಹೋಗುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲೂ ಬಿಳಿ ಹಿಮ ಕಾಣದು, ಆದರೂ ಎಲೆಗಳು ಕಪ್ಪಾಗಿ ಜೋಲುತ್ತಿರುತ್ತವೆ. ಅದಕ್ಕೇ ಅನುಭವಿಗಳು ಹವಾಮಾನ ವರದಿಯಲ್ಲಿ ಕನಿಷ್ಠ ಉಷ್ಣತೆಯ ಜೊತೆಗೆ ಇಬ್ಬನಿ ಬಿಂದುವನ್ನೂ ನೋಡುತ್ತಾರೆ.

ಹಾಗಾಗಿ ಚಳಿಯ ಸುದ್ದಿ ಬಂದೊಡನೆ ಮೊದಲ ಕೆಲಸ ಬುಡಕ್ಕೆ ನೀರು. ಅದೂ ಒಂದೆರಡು ದಿನ ಮುಂಚೆ, ಹಗಲಿನಲ್ಲಿ, ಒಂದಡಿ ಆಳದವರೆಗೆ ಇಳಿಯುವಂತೆ. ಸಂಜೆ ಗಾಬರಿಯಲ್ಲಿ ಎಲೆಗಳ ಮೇಲೆ ಎರಚುವ ನೀರು ಆವಿಯಾಗುತ್ತ ಗಿಡವನ್ನು ಇನ್ನಷ್ಟು ತಣಿಸುತ್ತದೆ. ಎರಡನೆಯ ಕೆಲಸ ಹೊರಗಿನವರಿಗೆ ತಲೆಕೆಳಗಾಗಿ ಕಾಣಬಹುದು: ಬುಡದ ಸುತ್ತ ಹಾಸಿದ ತರಗೆಲೆ, ಹುಲ್ಲು, ಮರದ ಚಕ್ಕೆಯ ಹೊದಿಕೆಯನ್ನು ಪಕ್ಕಕ್ಕೆ ಸರಿಸುವುದು. ಬರಕ್ಕೆ ಇದೇ ಹೊದಿಕೆ ದೊಡ್ಡ ಮದ್ದು. ಆದರೆ ಹಿಮದ ರಾತ್ರಿ ಅದು ನೆಲದ ಬಿಸಿಯನ್ನು ನೆಲದಲ್ಲೇ ಕಟ್ಟಿಹಾಕಿ, ಮೇಲಿರುವ ಗಿಡಕ್ಕೆ ಸಿಗದಂತೆ ಮಾಡುತ್ತದೆ. ಸಂಜೆಯಾಗುವ ಮುಂಚೆಯೇ ಅದನ್ನು ಸರಿಸಿ ತೇವದ ಬರಿನೆಲಕ್ಕೆ ಬಿಸಿಲು ಬೀಳಿಸಬೇಕು, ಚಳಿ ಕಳೆದ ಮೇಲೆ ಮತ್ತೆ ಎಳೆದು ಹಾಸಬೇಕು. ಎಂದು ಸರಿಸಬೇಕು, ಎಂದು ಹಾಸಬೇಕು ಎಂಬ ಈ ಗೊತ್ತು ಮೈಗೂಡಲು ಕಾಲ ಬೇಕು.

ಮೂರನೆಯದು ಬಟ್ಟೆ. ಹಳೆಯ ಹೊದಿಕೆ, ದುಪ್ಪಟಿ, ಅಂಗಡಿಯಲ್ಲಿ ಸಿಗುವ ತೆಳು ಹಿಮಬಟ್ಟೆ ಯಾವುದಾದರೂ ಆದೀತು. ಗಿಡದ ತಲೆಗೆ ಮುಸುಕು ಹಾಕಿ ಕಾಂಡಕ್ಕೆ ದಾರ ಬಿಗಿದುಬಿಡುವುದನ್ನು ಬಹಳ ಮನೆಗಳ ಮುಂದೆ ಕಾಣುತ್ತೇವೆ. ಅದರಿಂದ ಪ್ರಯೋಜನ ಕಡಿಮೆ. ಬಿಸಿ ಬರಬೇಕಾದದ್ದು ನೆಲದಿಂದ. ಕೋಳಿಮರಿಗಳ ಮೇಲೆ ಬುಟ್ಟಿ ಕವುಚಿದ ಹಾಗೆ ಬಟ್ಟೆಯ ಅಂಚು ಸುತ್ತಲೂ ನೆಲಕ್ಕೆ ತಾಗಬೇಕು, ಅಂಚಿನ ಮೇಲೆ ಇಟ್ಟಿಗೆ ಹೇರಿರಬೇಕು. ಒಳಗೆ ಮೂರ್ನಾಲ್ಕು ಗಳ ನೆಟ್ಟು ಬಟ್ಟೆ ಎಲೆಗೆ ತಾಗದಂತೆ ನೋಡಿಕೊಂಡರೆ ಇನ್ನೂ ಒಳ್ಳೆಯದು. ಪ್ಲಾಸ್ಟಿಕ್ ಹಾಳೆಯಾದರೆ ತಾಗಿದ ಕಡೆಯಲ್ಲೆಲ್ಲ ಎಲೆ ಸುಟ್ಟಂತಾಗುತ್ತದೆ. ಕ್ರಿಸ್‌ಮಸ್ಸಿನ ಹಳೆಯ ಬಲ್ಬಿನ ಸರವನ್ನು ಕೆಲವರು ಒಳಗೆ ಇಳಿಬಿಡುತ್ತಾರೆ. ತಂತಿ ಕಾಯ್ದು ಉರಿಯುವ ಆ ಬಲ್ಬುಗಳು ಒಂದಿಷ್ಟು ಶಾಖ ಕೊಡುತ್ತವೆ, ಈಗಿನ ಎಲ್‌ಇಡಿ ಸರಗಳಿಂದ ಅದು ಆಗದು. ಬೆಳಿಗ್ಗೆ ಬಿಸಿಲೇರಿದ ಕೂಡಲೇ ಬಟ್ಟೆ ತೆಗೆಯಬೇಕು, ಇಲ್ಲದಿದ್ದರೆ ರಾತ್ರಿ ಚಳಿಯಿಂದ ಉಳಿದ ಚಿಗುರು ಹಗಲು ಬೆಂದುಹೋದೀತು.

ದೊಡ್ಡ ತೋಟಗಳಿಗೆ ಬಟ್ಟೆ ಎಲ್ಲಿಂದ ತರುವುದು? ಹಿಂದೆ ಎಳೆಯ ಕಿತ್ತಳೆ ಮರಗಳ ಕಸಿಗಂಟು ಮುಚ್ಚುವವರೆಗೆ ಬುಡಕ್ಕೆ ಮಣ್ಣು ಏರಿಸಿ ಚಳಿಗಾಲ ದಾಟಿಸುತ್ತಿದ್ದರು. ಮೇಲಿನದೆಲ್ಲ ಸತ್ತರೂ ಕಸಿಗಂಟಿನ ಮೇಲೆ ಒಂದು ಗೇಣು ಉಳಿದರೆ ಅದೇ ಜಾತಿಯ ಮರ ಮತ್ತೆ ಎದ್ದೀತು ಎಂಬ ಲೆಕ್ಕ. ಸಾಲುಸಾಲಾಗಿ ಎಣ್ಣೆಯ ಒಲೆಗಳನ್ನು ಉರಿಸುವುದೂ ಇತ್ತು. ಎಣ್ಣೆ ಬೆಲೆ ಏರಿದ ಮೇಲೆ ಅದು ನಿಂತಿತು. ಆಮೇಲೆ ಬಂದದ್ದು ನೀರಿನಿಂದಲೇ ಚಳಿ ತಡೆಯುವ ವಿದ್ಯೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ಹೂ ಅರಳಿಸಲು ಸ್ಪ್ರಿಂಕ್ಲರ್ ಹಾರಿಸುತ್ತಾರೆ. ಇಲ್ಲಿ ಅದೇ ತಿಂಗಳುಗಳಲ್ಲಿ ಅರಳಿದ ಹೂ ಉಳಿಸಲು ಹಾರಿಸುತ್ತಾರೆ.

ಒಂದು ಗ್ರಾಂ ನೀರು ಮಂಜುಗಡ್ಡೆಯಾಗುವಾಗ 80 ಕ್ಯಾಲೊರಿ ಶಾಖ ಹೊರಬಿಡುತ್ತದೆ. ಗಿಡದ ಮೇಲೆ ನೀರು ಬೀಳುತ್ತ, ಹೆಪ್ಪುಗಟ್ಟುತ್ತ ಇರುವಷ್ಟು ಹೊತ್ತು ಒಳಗಿನ ಚಿಗುರು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಮಂಜುಗಡ್ಡೆಯ ಚಿಪ್ಪಿನೊಳಗೆ ಹಸಿರು ಎಲೆ ಜೀವಂತವಾಗಿರುವುದನ್ನು ಕಂಡವರಿಗೆ ಮೊದಲು ನಂಬಿಕೆ ಬರುವುದಿಲ್ಲ. ಆದರೆ ಅದೇ ಒಂದು ಗ್ರಾಂ ನೀರು ಆವಿಯಾದರೆ ಸುಮಾರು 600 ಕ್ಯಾಲೊರಿ ಎಳೆದುಕೊಂಡು ಹೋಗುತ್ತದೆ. ಅಂದರೆ ಒಂದು ಗ್ರಾಂ ಆವಿಯಾದ ನಷ್ಟ ತುಂಬಲು ಏಳೂವರೆ ಗ್ರಾಂ ಹೆಪ್ಪುಗಟ್ಟಬೇಕು. ಗಾಳಿ ಬೀಸುವ, ಒಣಹವೆಯ ರಾತ್ರಿಗಳಲ್ಲಿ ಈ ಲೆಕ್ಕ ತಿರುಗಿಬೀಳುತ್ತದೆ. 1962ರ ಡಿಸೆಂಬರ್ ಚಳಿಯಲ್ಲಿ ಆದದ್ದು ಅದೇ: ಮೇಲಿನಿಂದ ನೀರು ಹಾರಿಸಿದ ಕಿತ್ತಳೆ ತೋಟಗಳು ಗಾಳಿಯ ಹೊಡೆತಕ್ಕೆ ಇನ್ನಷ್ಟು ತಣಿದವು, ಮಂಜುಗಡ್ಡೆಯ ಭಾರಕ್ಕೆ ಕೊಂಬೆಗಳು ಮುರಿದವು.

ಆ ಪಾಠದಿಂದ ಕಲಿತು, 1980ರ ದಶಕದ ಸಾಲುಸಾಲು ಚಳಿಗಳ ನಡುವೆ ಲೇಕ್ ಆಲ್ಫ್ರೆಡ್‌ನ ಕಿತ್ತಳೆ ಸಂಶೋಧನಾ ಕೇಂದ್ರದವರೂ ಬೆಳೆಗಾರರೂ ಹಿಡಿದ ದಾರಿ ಮೈಕ್ರೋ ಸ್ಪ್ರಿಂಕ್ಲರ್. ಮರದ ತಲೆಯ ಮೇಲಿನ ಆಸೆ ಬಿಟ್ಟು ಕಾಂಡದ ಕೆಳಭಾಗಕ್ಕೆ ಮಾತ್ರ ಸಣ್ಣ ತುಂತುರು. ಇಲ್ಲಿನ ಅಂತರ್ಜಲ ವರ್ಷವಿಡೀ ಸುಮಾರು 22 ಡಿಗ್ರಿ ಇರುತ್ತದೆ, ಆ ಬಿಸಿಯೂ ಕೈಗೂಡುತ್ತದೆ. ಶುರು ಮಾಡಿದ ಮೇಲೆ ಮಂಜುಗಡ್ಡೆ ತಾನಾಗಿ ಕರಗತೊಡಗುವ ತನಕ ನಿಲ್ಲಿಸುವಂತಿಲ್ಲ. ನಡುರಾತ್ರಿ ಪಂಪು ನಿಂತರೆ ನೀರೇ ಹಾಕದ ಗಿಡಕ್ಕಿಂತ ಹಾಕಿದ ಗಿಡದ ಸ್ಥಿತಿ ಕೆಟ್ಟದು. ಸಾಕಷ್ಟು ನೀರು ಬೀಳುತ್ತಿದೆಯೇ ಎಂದು ತಿಳಿಯಲು ಬೆಳೆಗಾರ ಟಾರ್ಚು ಹಿಡಿದು ಮಂಜುಗಡ್ಡೆಯ ಬಣ್ಣ ನೋಡುತ್ತಾನೆ. ಗಾಜಿನಂತೆ ತಿಳಿಯಾಗಿದ್ದರೆ ಸರಿ, ಹಾಲಿನಂತೆ ಬೆಳ್ಳಗಾದರೆ ನೀರು ಸಾಲುತ್ತಿಲ್ಲ.

ಈ ವಿದ್ಯೆಗೂ ಒಂದು ಬೆಲೆಯಿದೆ. 2010ರ ಜನವರಿಯಲ್ಲಿ ಪ್ಲಾಂಟ್ ಸಿಟಿ, ಡೋವರ್ ಸುತ್ತಿನ ಸ್ಟ್ರಾಬೆರಿ ಹೊಲಗಳಲ್ಲಿ 11 ದಿನಗಳ ಚಳಿಗೆ ರಾತ್ರಿ ರಾತ್ರಿ ಬೋರ್‌ವೆಲ್ ಓಡಿದವು. ಅಂತರ್ಜಲ 60 ಅಡಿ ಕುಸಿಯಿತು. ಸುಮಾರು 750 ಮನೆಗಳ ಬಾವಿಗಳು ಒಣಗಿದವು, ಸುಣ್ಣಕಲ್ಲಿನ ನೆಲ 140ಕ್ಕೂ ಹೆಚ್ಚು ಕಡೆ ಗುಂಡಿಯಾಗಿ ಕುಸಿಯಿತು. ಹೊಲದ ಹೂ ಉಳಿಯಲು ಪಕ್ಕದ ಮನೆಯ ನಲ್ಲಿ ಬತ್ತಬೇಕೇ? ಆಮೇಲೆ ಆ ಭಾಗದ ನೀರು ನಿರ್ವಹಣಾ ಮಂಡಳಿ ಬೆಳೆಹೊದಿಕೆಯ ಬಟ್ಟೆಯಂಥ ಉಪಾಯಗಳಿಗೆ ನೆರವು ಕೊಟ್ಟದ್ದು ತುಂಬ ಸರಿಯಾದ ಕೆಲಸವೆಂದೇ ನನ್ನ ಅಭಿಪ್ರಾಯ. ಮನೆತೋಟದವರಂತೂ ಸ್ಪ್ರಿಂಕ್ಲರಿನ ದಾರಿ ಹಿಡಿಯದೆ, ಜಾಗದ ಆಯ್ಕೆ, ತೇವದ ನೆಲ, ಬಟ್ಟೆ ಇವಿಷ್ಟರಲ್ಲೇ ನಿಭಾಯಿಸುವುದು ಮೇಲು. ಜಾಗವೆಂದರೆ ಮನೆಯ ದಕ್ಷಿಣದ ಗೋಡೆ, ತಣ್ಣನೆಯ ಗಾಳಿ ಹರಿದು ತಂಗುವ ತಗ್ಗನ್ನು ಬಿಟ್ಟು ಏರು, ಇಲ್ಲವೇ ಕೆರೆಯ ಆಗ್ನೇಯ ದಂಡೆ. ವಾಯವ್ಯದಿಂದ ಬರುವ ಚಳಿಗಾಳಿ ನೀರಿನ ಮೇಲೆ ಹಾದು ತುಸು ಬೆಚ್ಚಗಾಗಿ ಆ ದಂಡೆಯನ್ನು ಮುಟ್ಟುತ್ತದೆ.

ಗಿಡ ಗಿಡಕ್ಕೂ ತಾಳಿಕೆ ಬೇರೆ. ಬಲಿತ ಮಾವಿನ ಮರ ಸೊನ್ನೆಗಿಂತ 4 ಡಿಗ್ರಿ ಕೆಳಗನ್ನೂ ಕೆಲವು ಗಂಟೆ ತಾಳೀತು. ಎಳೆಯ ಸಸಿ 1–2 ಡಿಗ್ರಿ ಕೆಳಗಿಳಿದರೆ ಸಾಯಬಹುದು. ಹೂ ಮತ್ತು ಈಚುಗಾಯಿಗೆ ಸೊನ್ನೆಯ ಮೇಲಿನ 4 ಡಿಗ್ರಿಯೇ ಕಂಟಕ. ಬಾಳೆಯ ಎಲೆ ಸುಟ್ಟರೂ ಗೆಡ್ಡೆ ಬದುಕಿದ್ದರೆ ಕಂದು ಹೊರಡುತ್ತದೆ. ಸುಟ್ಟ ಎಲೆಗಳನ್ನು ಕೂಡಲೇ ಕೊಯ್ಯದೆ ದಿಂಡಿನ ಸುತ್ತ ಜೋಲಲು ಬಿಟ್ಟರೆ ಮುಂದಿನ ಚಳಿಗೆ ಅವೇ ಹೊದಿಕೆ. ಮಲ್ಲಿಗೆ ಕುಂಡದಲ್ಲಿದ್ದರೆ ಒಳಗೆ ತಂದುಬಿಡುವುದು ಸುಲಭ.

ಇಲ್ಲಿನ ಕನ್ನಡದ ಮನೆಗಳಲ್ಲಿ ಹೆಚ್ಚು ಜತನ ಪಡೆಯುವುದು ಕರಿಬೇವು. ಅದಕ್ಕೆ ಒಗ್ಗರಣೆಯ ಆಸೆಯಲ್ಲದೆ ಇನ್ನೊಂದು ಕಾರಣವೂ ಇದೆ. ಕರಿಬೇವು ಕಿತ್ತಳೆ, ನಿಂಬೆಗಳ ಕುಟುಂಬದ್ದೇ. 2005ರಿಂದ ಫ್ಲಾರಿಡಾದ ಕಿತ್ತಳೆ ತೋಟಗಳನ್ನು ಹಾಳುಗೆಡವುತ್ತಿರುವ ಗ್ರೀನಿಂಗ್ ರೋಗವನ್ನು ಹರಡುವ ಸಣ್ಣ ಕೀಟ ಕರಿಬೇವಿನ ಚಿಗುರಿನ ಮೇಲೂ ಬೆಳೆಯುತ್ತದೆ. ಆದ್ದರಿಂದ ಗಿಡವನ್ನು ಮನಬಂದ ಕಡೆಯಿಂದ ತರುವುದಕ್ಕೆ, ಸಾಗಿಸುವುದಕ್ಕೆ ನಿರ್ಬಂಧಗಳಿವೆ. ಇರುವ ಗಿಡವನ್ನೇ ಕಾಪಾಡಿಕೊಳ್ಳಬೇಕು.

ಚಳಿ ಕಳೆದ ಬೆಳಿಗ್ಗೆಯ ಕೆಲಸ ತಾಳ್ಮೆಯದು. ಕಪ್ಪಾದ ರೆಂಬೆ ಕಂಡೊಡನೆ ಕತ್ತರಿ ಹಿಡಿಯಬಾರದು. ಕತ್ತರಿಸಿದರೆ ಗಿಡ ಮತ್ತೆ ಚಿಗುರಲು ಹೊರಡುತ್ತದೆ, ಇನ್ನೊಂದು ಚಳಿ ಕಾದಿರಬಹುದು. ಎಲ್ಲಿವರೆಗೆ ಜೀವವಿದೆಯೆಂದು ಗಿಡವೇ ತೋರಿಸುವ ತನಕ ಕಾಯಬೇಕು. ಉಗುರಿನಿಂದ ತೊಗಟೆ ಕೆರೆದಾಗ ಹಸಿರು ಕಂಡರೆ ಆ ಭಾಗ ಬದುಕಿದೆ. ಎಲೆ ಉದುರಿದ ಮರ ಹೆಚ್ಚು ನೀರು ಕುಡಿಯುವುದಿಲ್ಲ, ಅದಕ್ಕೆ ಆಗಾಗ ಸ್ವಲ್ಪ ಸ್ವಲ್ಪ ಕೊಟ್ಟರೆ ಸಾಕು. ಎಲೆಯ ನೆರಳು ಹೋಗಿ ಬಿಸಿಲಿಗೆ ಬಿದ್ದ ಕೊಂಬೆಗಳಿಗೆ ಬಿಳಿ ಬಣ್ಣ ಬಳಿಯುತ್ತಾರೆ. ಅಡಿಕೆ ಮರಕ್ಕೆ ಸುಣ್ಣ ಬಳಿಯುವ ಮಲೆನಾಡಿನವರಿಗೆ ಇದರ ಕಾರಣ ಬಿಡಿಸಿ ಹೇಳಬೇಕಿಲ್ಲ.

ಏಪ್ರಿಲ್ ಬಂದಿತೆಂದರೆ ಸರಿಸಿದ ಹೊದಿಕೆ ಮತ್ತೆ ಬುಡದ ಸುತ್ತ ಬರುತ್ತದೆ, ಕಾಂಡಕ್ಕೆ ತಾಗದಂತೆ ಒಂದಡಿ ಬಿಟ್ಟು. ಬರದ ವರ್ಷಗಳಲ್ಲಿ ವಾರಕ್ಕೆ ಒಂದೆರಡು ದಿನ ಮಾತ್ರ ತೋಟಕ್ಕೆ ನೀರು ಬಿಡಬಹುದೆಂಬ ಕಟ್ಟಳೆ ಬರುತ್ತದೆ, ಅದೂ ಬಿಸಿಲೇರುವ ಮುಂಚೆ ಇಲ್ಲವೇ ಇಳಿದ ಮೇಲೆ. ಹಾಗಾಗಿ ಪಾತಿ ಮಾಡಿ, ಬುಡದಿಂದ ದೂರಕ್ಕೆ ಬೇರು ಹರಡಿರುವ ಕಡೆಗೆ ನಿಧಾನವಾಗಿ ಹರಿಸಬೇಕು. ಮಾರ್ಚಿನಲ್ಲಿ ಎಲೆ ಕಳೆದುಕೊಂಡು ಕಡ್ಡಿಯಾಗಿ ನಿಂತ ಕರಿಬೇವನ್ನೂ ಈ ಸುತ್ತಿನಿಂದ ಬಿಡಬಾರದು. ಮೇಲೆ ಕೆರೆದಾಗ ಹಸಿರು ಸಿಗದಿದ್ದರೂ ಬೇರಿನಿಂದ ಮರಿಗಿಡ ಏಳುವ ಗುಣ ಅದಕ್ಕಿದೆ. ಜೂನ್ ಮಳೆ ಹಿಡಿದು ಕೆಲವು ವಾರ ಕಳೆಯುವ ತನಕ ಅದನ್ನು ಕೀಳದೆ, ಬುಡದ ತೇವ ಆರದಂತೆ ನೋಡಿಕೊಳ್ಳಬೇಕು.