ಡೀಬಗ್ ಲಾಗ್ ಆಫ್ ಮಾಡಿದರೂ ಗೇಮ್ ತಡವರಿಸುವುದೇಕೆ?

ಗೇಮ್ ಸ್ಕ್ರಿಪ್ಟ್ ಬರೆಯುವ ಹಲವರಲ್ಲಿ ಒಂದು ನಂಬಿಕೆಯಿದೆ: ಡೀಬಗ್ ಲಾಗ್ ಆಫ್ ಮಾಡಿಬಿಟ್ಟರೆ ಅದು ಇಲ್ಲದ ಹಾಗೆಯೇ. ಇದು ಅರ್ಧ ಮಾತ್ರ ನಿಜ.

ಲೂವಾ ಭಾಷೆಯನ್ನೇ ನೋಡೋಣ. 1993ರಲ್ಲಿ ಬ್ರೆಜಿಲ್‌ನ ರಿಯೊ ಡಿ ಜನೈರೊದಲ್ಲಿ ಹುಟ್ಟಿದ ಭಾಷೆ ಇದು. ಪೋರ್ಚುಗೀಸಿನಲ್ಲಿ ಆ ಹೆಸರಿಗೆ ಚಂದ್ರ ಎಂದರ್ಥ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್‌ನ ಆಡ್‌ಆನ್‌ಗಳನ್ನು ಬರೆಯುವುದು ಇದರಲ್ಲೇ. ರೋಬ್ಲಾಕ್ಸ್ ಬಳಸುವುದು ಇದರಿಂದ ಕವಲೊಡೆದ ಭಾಷೆಯನ್ನು.

ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮಿನಲ್ಲಿ ಒಂದು ಫ್ರೇಮಿಗೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಲೆಕ್ಕಾಚಾರ, ಚಿತ್ರ ಬಿಡಿಸುವುದು ಎಲ್ಲವೂ ಅಷ್ಟರೊಳಗೆ ಮುಗಿಯಬೇಕು. ಪ್ರತಿ ಫ್ರೇಮಿನಲ್ಲೂ ಒಂದು ಸಾಲು ಪ್ರಿಂಟ್ ಮಾಡಿಸಿದರೆ ನಿಮಿಷಕ್ಕೆ 3,600 ಸಾಲು! ಅದರಲ್ಲಿ ಬೇಕಾದ್ದನ್ನು ಹುಡುಕುವುದು ರಾಗಿ ರಾಶಿಯಲ್ಲಿ ಸಾಸಿವೆ ಹುಡುಕಿದಂತೆ. ಬೆಲೆ ಬದಲಾದಾಗ ಮಾತ್ರ ಲಾಗ್ ಮಾಡಿದರೆ ಈ ತೊಂದರೆ ಬಹುಪಾಲು ತಪ್ಪುತ್ತದೆ.

ಲಾಗ್ ನಿಲ್ಲಿಸಲು ಸಾಮಾನ್ಯವಾಗಿ ಪ್ರತಿ ಪ್ರಿಂಟ್‌ನ ಸುತ್ತ 'ಡೀಬಗ್ ಆನ್ ಇದ್ದರೆ ಮಾತ್ರ' ಎಂಬ ಇಫ್ ಹಾಕುತ್ತಾರೆ. ನಲವತ್ತು ಕಡೆ ಹೀಗೆ ಬರೆದ ಮೇಲೆ ಆಟದ ಕೋಡ್ ಯಾವುದು, ಲಾಗಿನ ಕೋಡ್ ಯಾವುದು ಎಂದೇ ತಿಳಿಯುವುದಿಲ್ಲ. ಆ ಇಫ್ ಅನ್ನು ಒಂದೇ ಫಂಕ್ಷನ್ನಿನ ಒಳಗಿಟ್ಟು, ಉಳಿದೆಡೆ ಅದನ್ನು ಕರೆದರೆ ಕೋಡ್ ಹಗುರವಾಗುತ್ತದೆ. ಎಡವುವುದೂ ಇಲ್ಲೇ.

'ಶತ್ರುವಿನ ಶಕ್ತಿ' ಎಂಬ ಪಠ್ಯಕ್ಕೆ ಅದರ ಅಂಕಿಯನ್ನು ಎರಡು ಚುಕ್ಕಿಯಿಂದ ಜೋಡಿಸಿ ಆ ಫಂಕ್ಷನ್ನಿಗೆ ಕಳಿಸಿದೆವು ಎನ್ನಿ. ಲೂವಾ ಮೊದಲು ಸ್ಟ್ರಿಂಗ್ ಕಟ್ಟುತ್ತದೆ, ಫಂಕ್ಷನ್ ಒಳಗೆ ಹೋಗುವುದು ಆಮೇಲೆ. ಅಡುಗೆ ಮುಗಿದ ಮೇಲೆ ಯಾರಿಗೂ ಊಟ ಬೇಡವೆಂದು ತಿಳಿದಂತೆ! ಲೂವಾದಲ್ಲಿ ಇದ್ದ ಸ್ಟ್ರಿಂಗನ್ನು ತಿದ್ದಲಾಗದು, ಜೋಡಿಸಿದಾಗೆಲ್ಲ ಸಾಮಾನ್ಯವಾಗಿ ಹೊಸತೇ ಹುಟ್ಟುತ್ತದೆ. ಬೇಡವಾದವನ್ನು ಗುಡಿಸುವ ಗಾರ್ಬೇಜ್ ಕಲೆಕ್ಟರ್‌ಗೆ ಕೆಲಸ ಹೆಚ್ಚುತ್ತದೆ, ಆಡುವವರಿಗೆ ಅದು ಆಗಾಗ ಸಣ್ಣ ಜರ್ಕ್ ಆಗಿ ಕಾಣಬಹುದು.

ಇದಕ್ಕೆ ಪರಿಹಾರ ಒಂದು ಅಲ್ಪವಿರಾಮ. ತುಣುಕುಗಳನ್ನು ಬಿಡಿಬಿಡಿಯಾಗಿ ಕಳಿಸಿ, ಜೋಡಿಸುವ ಕೆಲಸವನ್ನು ಫಂಕ್ಷನ್ನಿನೊಳಗೆ, ಲಾಗ್ ಆನ್ ಇದ್ದಾಗ ಮಾತ್ರ ಮಾಡಿ. ಆದರೆ ಇಡೀ ಟೇಬಲ್ಲನ್ನು ಪಠ್ಯವಾಗಿಸುವಂಥ ಭಾರದ ಕರೆ ಇದ್ದರೆ ಅಲ್ಪವಿರಾಮವೂ ಉಳಿಸದು, ಅದೂ ಮೊದಲೇ ನಡೆದುಬಿಡುತ್ತದೆ. ಅಂಥ ಒಂದೆರಡು ಕಡೆ ಹಳೆಯ ಇಫ್ ಅನ್ನೇ ಉಳಿಸಿಕೊಳ್ಳುವುದು ವಾಸಿ ಎನ್ನುತ್ತೇವೆ ನಾವು.

ಇನ್ನೊಂದು ನಂಬಿಕೆ: ಲಾಗ್ ಫೈಲಿನ ಕೊನೆಯ ಸಾಲೇ ಗೇಮ್ ಕ್ರ್ಯಾಶ್ ಆದ ಜಾಗ. ಹಾಗೇನಿಲ್ಲ. ಬರೆದ ಸಾಲುಗಳು ಫೈಲಿಗೆ ಇಳಿಯುವ ಮೊದಲು ಬಫರ್‌ನಲ್ಲಿ ಕಾಯುತ್ತಿರಬಹುದು, ಕ್ರ್ಯಾಶ್ ಆದರೆ ಅವು ಅಲ್ಲೇ ಅಳಿಯುತ್ತವೆ. ಗಂಭೀರ ದೋಷಗಳ ಸಾಲು ಬರೆದ ಕೂಡಲೇ ಫ್ಲಶ್ ಮಾಡಿಸಿ, ಆದರೆ ಪ್ರತಿ ಸಾಲಿಗೂ ಬೇಡ. ಅದೂ ಆ 16.7 ಮಿಲಿಸೆಕೆಂಡಿನಿಂದಲೇ ಕಡಿತವಾಗುತ್ತದೆ.