ಮೊದಲ ರುಚಿ ಎಲ್ಲಿಯದು?



ಹದಿಹರೆಯದ ಮಕ್ಕಳು ಚಟಕ್ಕೆ ಬಿದ್ದರೆ ಕೆಟ್ಟ ಸಹವಾಸವೇ ಕಾರಣವೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಸಹವಾಸದ ಪಾಲು ಇದೆ, ನಿಜ. ಆದರೆ 2019ರ ಜಾಗತಿಕ ಯುವ ತಂಬಾಕು ಸಮೀಕ್ಷೆಯ ಪ್ರಕಾರ, ನಮ್ಮ ದೇಶದ 13ರಿಂದ 15 ವರ್ಷದ ವಿದ್ಯಾರ್ಥಿಗಳಲ್ಲಿ ಹೊಗೆರಹಿತ ತಂಬಾಕು ಬಳಸಿದ ನೂರಕ್ಕೆ 52 ಮಂದಿ ಅದನ್ನು ಹತ್ತು ವರ್ಷ ತುಂಬುವ ಮೊದಲೇ ಆರಂಭಿಸಿದ್ದರು. ಆ ವಯಸ್ಸಿನ ಮಗುವಿಗೆ ಯಾರ ಸಹವಾಸ? ನಮ್ಮದೇ ಅಲ್ಲವೇ?

ನಿಲ್ಕುಂದದಂಥ ಅಡಿಕೆ ಸೀಮೆಯಲ್ಲಿ ಬಂದವರ ಮುಂದೆ ಕವಳದ ತಟ್ಟೆ ಇಡುವುದು ಮರ್ಯಾದೆ. ತಟ್ಟೆ ತರುವುದು ಮಗು. ತಂಬಾಕು ಮುಗಿದರೆ ಅಂಗಡಿಗೆ ಓಡುವುದೂ ಮಗುವೇ. ಅಡಿಕೆ ಎಷ್ಟೋ ಮನೆಗಳಿಗೆ ಅನ್ನ ಕೊಡುವ ಬೆಳೆ, ಅದನ್ನು ಹಳಿಯಲು ನಮಗೆ ಮನಸ್ಸಿಲ್ಲ. ಆದರೂ ತಂಬಾಕು ಬೆರೆಸದ ಅಡಿಕೆಯನ್ನು ಜಗಿಯುವುದೂ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಪ್ರಕಟಿಸಿದೆ.

ಹಿಂದುಮುಂದು ಯೋಚಿಸುವ ಮೆದುಳಿನ ಭಾಗ ಸುಮಾರು 25 ವರ್ಷದವರೆಗೂ ಬಲಿಯುತ್ತಲೇ ಇರುತ್ತದೆ. ಆದ್ದರಿಂದ ಎಳೆಯರಿಗೆ ನಿಕೋಟಿನ್ ಬೇಗ ಅಂಟುತ್ತದೆ. ಇದರೊಡನೆ ತಂದೆಯ ಕುಡಿತ, ಮನೆಯ ಜಗಳ, ಪರೀಕ್ಷೆಯ ಸೋಲು, ಊರು ಬಿಟ್ಟು ಹಾಸ್ಟೆಲ್ ಸೇರಿದವರ ಒಂಟಿತನ ಕೂಡಿದರೆ ಅಪಾಯ ಹೆಚ್ಚುತ್ತದೆ.

ಕಾನೂನು ಇಲ್ಲವೆಂದಲ್ಲ. ಶಾಲೆಯ 100 ಗಜದೊಳಗೆ ತಂಬಾಕು ಮಾರುವುದನ್ನು 2003ರ ಕಾಯ್ದೆ ತಡೆಯಿತು; 2013ರಲ್ಲಿ ರಾಜ್ಯ ಸರಕಾರ ಗುಟ್ಕಾ ನಿಷೇಧಿಸಿತು. ಪಾನ್ ಮಸಾಲಾ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಆಗಿ ಬಂದು, ಎರಡೂ ಅಂಗೈಯಲ್ಲಿ ಒಂದಾದವು!

ಮಗನಿಗೆ ಬಾಯಿ ಪೂರ್ತಿ ತೆರೆಯಲಾಗದಿದ್ದರೆ, ಖಾರ ತಾಗಿದರೆ ಉರಿಯುತ್ತದೆ ಎಂದರೆ, ಬೈಯುವ ಮೊದಲು ದಂತವೈದ್ಯರಿಗೆ ತೋರಿಸಿ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಉಚಿತ ದೂರವಾಣಿ 1800 11 2356. ಅಪ್ಪನೂ ಅದೇ ಸಂಖ್ಯೆಗೆ ಕರೆ ಮಾಡಬಹುದು.