ಏನೂ ಮಾಡದ ಪ್ರೋಗ್ರಾಂ, 16 ಎಂಬಿಯ ಗೆರೆ

ಶಾಂತಿಗ್ರಾಮ, ಚನ್ನರಾಯಪಟ್ಟಣದ ಕಡೆಯಿಂದ ಬೆಂಗಳೂರಿಗೆ ಬಂದು ಬ್ಯಾಂಕು, ವಿಮೆಯ ಮೇನ್‌ಫ್ರೇಮ್ ಕೆಲಸಕ್ಕೆ ಸೇರುವ ನಮ್ಮ ಮಕ್ಕಳಿಗೆ ಸೀನಿಯರ್‌ಗಳ ಎರಡು ಮಾತು ಬೇಗ ಬಾಯಿಪಾಠವಾಗುತ್ತವೆ. ಎರಡನ್ನೂ ತಿದ್ದಬೇಕು.

"ಫೈಲ್ ಅಳಿಸಬೇಕಾ? ಐಇಎಫ್‌ಬಿಆರ್14 ಹಾಕು, ಅದೇ ಡಿಲೀಟ್ ಮಾಡುತ್ತೆ." ಇಲ್ಲ, ಅದು ಯಾವುದನ್ನೂ ಡಿಲೀಟ್ ಮಾಡುವುದಿಲ್ಲ. ಹೆಸರಿನ ಕೊನೆಯ ಬಿಆರ್ 14 ಅನ್ನುವುದೇ ಅದರ ಇಡೀ ಕೆಲಸ: 14ನೇ ರಿಜಿಸ್ಟರ್‌ನಲ್ಲಿರುವ ವಿಳಾಸಕ್ಕೆ, ಅಂದರೆ ಕರೆದವರ ಬಳಿಗೇ, ವಾಪಸ್ ಹೋಗುವುದು. ಓಎಸ್/360 ಕಾಲದಲ್ಲಿ ಅದು ಈ ಒಂದೇ ಆದೇಶ, 2 ಬೈಟ್. ಅಷ್ಟರಲ್ಲೂ ದೋಷವಿತ್ತು! ರಿಟರ್ನ್ ಕೋಡನ್ನು ಸಿಸ್ಟಂ 15ನೇ ರಿಜಿಸ್ಟರ್‌ನಲ್ಲಿ ನೋಡುತ್ತದೆ. ಅಲ್ಲಿ ಪ್ರೋಗ್ರಾಂ ಶುರುವಾದ ವಿಳಾಸ ಹಾಗೇ ಉಳಿದಿರುತ್ತಿತ್ತು. ಅದನ್ನು ಸೊನ್ನೆ ಮಾಡುವ ಇನ್ನೊಂದು ಆದೇಶವನ್ನು ಆಮೇಲೆ ಸೇರಿಸಿದರು.

ಹಾಗಾದರೆ ಅಳಿಸುವುದು ಯಾರು? ಜಾಬ್‌ನಲ್ಲಿ ಫೈಲಿನ ಹೆಸರು ಹೇಳುವ ಡಿಡಿ ಸಾಲಿನ ಡಿಸ್ಪ್‌ನಲ್ಲಿ ನಾವು ಬರೆದ ಡಿಲೀಟನ್ನು ಓದುವ ಆಪರೇಟಿಂಗ್ ಸಿಸ್ಟಂ. ಇದು ಬರೀ ಪದದ ಜಗಳವಲ್ಲ. ಬಳಸದ ಫೈಲುಗಳನ್ನು ಸರಿಸಿಡುವ ಎಚ್‌ಎಸ್‌ಎಂ ಟೇಪಿಗೆ ಹಾಕಿದ ಫೈಲನ್ನು ಹೀಗೆ ಅಳಿಸಹೊರಟರೆ, ಸಿಸ್ಟಂ ಅದನ್ನು ಮೊದಲು ಡಿಸ್ಕಿಗೆ ತರಿಸಿಕೊಂಡು ಆಮೇಲೆ ಅಳಿಸುತ್ತಿತ್ತು. ಅಲ್ಲಿಯತನಕ ಜಾಬ್ ಕಾಯಬೇಕು. ತರಿಸದೇ ಅಳಿಸುವ ಸೌಲಭ್ಯ ಝಡ್/ಓಎಸ್ 1.11ರಲ್ಲಿ ಬಂತು. ಅದನ್ನೂ ಸಿಸ್ಟಂ ಪ್ರೋಗ್ರಾಮರ್ ಆನ್ ಮಾಡಿರಬೇಕು.

ಎರಡನೆಯ ಮಾತು: "ಎಸ್878 ಬಂದು ಜಾಬ್ ಬಿದ್ದರೆ ರೀಜನ್=0ಎಂ ಕೊಡು, ಸರಿಹೋಗುತ್ತೆ." ಎಸ್878 ಅಂದರೆ ಕೇಳಿದ ಮೆಮೊರಿ ಸಿಗಲಿಲ್ಲ ಎಂದು; ರೀಜನ್=0ಎಂ ಅಂದರೆ ಸಿಗುವಷ್ಟನ್ನೂ ಕೊಡು ಎಂದು. ಎಷ್ಟೋ ಸಲ ಸರಿಹೋಗುವುದಿಲ್ಲ, ಯಾಕೆಂದರೆ ಕೊರತೆ ಇರುವುದು ಮೆಮೊರಿಯದ್ದಲ್ಲ, ವಿಳಾಸದ್ದು. ಹಾಸನದ 08172 ಕೋಡಿನ ಮುಂದೆ ಲ್ಯಾಂಡ್‌ಲೈನಿಗೆ 6 ಅಂಕಿ. ಎಕ್ಸ್‌ಚೇಂಜ್ ಎಷ್ಟೇ ದೊಡ್ಡದು ಕಟ್ಟಿದರೂ 10 ಲಕ್ಷಕ್ಕಿಂತ ಹೆಚ್ಚು ನಂಬರ್ ಕೊಡಲಾಗದು. ಹಾಗೆಯೇ, 1964ರ ಸಿಸ್ಟಂ/360 ಮೇನ್‌ಫ್ರೇಮಿನ ವಿಳಾಸ 24 ಬಿಟ್. ಅದರಲ್ಲಿ ಎಣಿಸಬಹುದಾದದ್ದು 1,67,77,216 ಬೈಟ್, ಅಂದರೆ 16 ಎಂಬಿ. 31 ಬಿಟ್ ಬಂದಾಗ ಅದು 2 ಜಿಬಿಗೆ ಏರಿತು, 2000ದಲ್ಲಿ 64 ಬಿಟ್ ಬಂತು. ಆದರೂ 24 ಬಿಟ್‌ಗೆಂದು ಬರೆದ ಪ್ರೋಗ್ರಾಂಗಳನ್ನು ಕೈಬಿಡದೆ ನಡೆಸಿಕೊಂಡು ಬಂದಿದ್ದಾರೆ; ನನಗೆ ಈ ಯಂತ್ರದ ಮೇಲೆ ಗೌರವ ಇರುವುದೂ ಅದಕ್ಕೇ. ಅವು ಇಂದಿಗೂ 16 ಎಂಬಿ ಗೆರೆಯ ಕೆಳಗೇ ಇರುತ್ತವೆ, ಅಲ್ಲೂ ಒಂದಷ್ಟು ಜಾಗ ಸಿಸ್ಟಂಗೇ ಮೀಸಲು.

ಹಾಗಾಗಿ ರೀಜನ್ ಮುಟ್ಟುವ ಮುಂಚೆ ಲಿಂಕ್ ಲಿಸ್ಟಿಂಗ್ ತೆಗೆದು ಎಮೋಡ್ (ಪ್ರೋಗ್ರಾಂ ಬಳಸುವ ವಿಳಾಸ ಎಷ್ಟು ಬಿಟ್), ಆರ್‌ಮೋಡ್ (ಅದು ಗೆರೆಯ ಕೆಳಗೇ ಇರಬೇಕೋ) ನೋಡಿ. ಕೋಬಾಲ್ ಆದರೆ ಡೇಟಾ(31) ಇದೆಯೋ ಡೇಟಾ(24) ಇದೆಯೋ ನೋಡಿ. ಒಂದೇ ಒಂದು ಸಬ್‌ಪ್ರೋಗ್ರಾಂ ಎಮೋಡ್ 24 ಆಗಿ ಉಳಿದಿದ್ದರೂ ಅದಕ್ಕೆ ಕೊಡುವ ಡೇಟಾ ಗೆರೆಯ ಕೆಳಗೇ ಇರಬೇಕಾಗುತ್ತದೆ.